ಕೊರಿಯಾಂಥಿಸ್: ಬಕೆಟ್ ಆರ್ಕಿಡ್‌ಗಳ ಕುಲ

ಆರ್ಕಿಡೇಸಿ ಕುಟುಂಬಕ್ಕೆ ಸೇರಿದ ಕೊರಿಯಾಂಥಿಸ್ ಕುಲದ ಸಸ್ಯಗಳು ಮಧ್ಯ ಮತ್ತು ದಕ್ಷಿಣ ಅಮೆರಿಕದ ಉಷ್ಣವಲಯದ ಮಳೆಕಾಡುಗಳಲ್ಲಿ ಅಧಿಸಸ್ಯಗಳಾಗಿ, ಅಂದರೆ ಮರದ ಆಸರೆ ಪಡೆದರೂ ಅದರ ಆಹಾರವನ್ನು ಹೀರದೆ, ಕೊಂಬೆಗಳ ಮೇಲಿನ ಇರುವೆಗೂಡುಗಳಲ್ಲಿ ಬೇರೂರಿ ಬೆಳೆಯುತ್ತವೆ. ಬೇರಿನ ಜಾಲ ಗೂಡಿಗೆ ಆಧಾರವಾದರೆ, ಇರುವೆಗಳು ಸಸ್ಯಕ್ಕೆ ಪೋಷಕಾಂಶವನ್ನೂ ರಕ್ಷಣೆಯನ್ನೂ ಒದಗಿಸುತ್ತವೆ.

ಕುಲದ ನಿಜವಾದ ವಿಸ್ಮಯವಿರುವುದು ಪರಾಗಸ್ಪರ್ಶದಲ್ಲಿ. ಹೂವಿನ ತುಟಿದಳ, ಅಂದರೆ ಉಳಿದವುಗಳಿಗಿಂತ ಭಿನ್ನವಾಗಿ ಮಾರ್ಪಟ್ಟ ದಳ, ಇಲ್ಲಿ ಬಕೆಟ್‌ನಂತೆ ರೂಪುಗೊಂಡಿದ್ದು, ಮೇಲಿನ ಎರಡು ಗ್ರಂಥಿಗಳಿಂದ ತೊಟ್ಟಿಕ್ಕುವ ದ್ರವ ಅದರಲ್ಲಿ ಸಂಗ್ರಹವಾಗುತ್ತದೆ. ಯೂಗ್ಲಾಸಿನ್ ಗುಂಪಿನ ಗಂಡು ದುಂಬಿಗಳು ಮಕರಂದಕ್ಕಾಗಿ ಅಲ್ಲ, ಪ್ರಣಯಕ್ಕೆ ಬೇಕಾದ ಸುಗಂಧದ್ರವ್ಯವನ್ನು ಕೆರೆದು ಒಯ್ಯಲು ಬರುತ್ತವೆ. ಹಾಗೆ ಬಂದ ದುಂಬಿ ಜಾರಿ ದ್ರವದೊಳಗೆ ಬಿದ್ದು, ರೆಕ್ಕೆ ತೊಯ್ದು ಹಾರಲಾರದೆ, ಹೂವಿನ ಮುಂಭಾಗದ ಇಕ್ಕಟ್ಟಾದ ದಾರಿಯಲ್ಲಿ ನುಸುಳುವಾಗ ಪರಾಗಪಿಂಡಗಳು, ಎಂದರೆ ಒಟ್ಟಾಗಿ ಅಂಟಿಕೊಂಡ ಪರಾಗರಾಶಿಗಳು, ಅದರ ದೇಹಕ್ಕೆ ಅಂಟುತ್ತವೆ. ಅದೇ ದುಂಬಿ ಇನ್ನೊಂದು ಹೂವಿನಲ್ಲಿ ಬಿದ್ದು ಹೊರಬರುವಾಗ ಅವು ಶಲಾಕಾಗ್ರವನ್ನು, ಅಂದರೆ ಪರಾಗವನ್ನು ಸ್ವೀಕರಿಸುವ ಭಾಗವನ್ನು, ಸೇರಿ ಪರಕೀಯ ಪರಾಗಸ್ಪರ್ಶ ನಡೆಯುತ್ತದೆ.

ಟ್ರಿನಿಡಾಡ್‌ನಲ್ಲಿ ಸಸ್ಯವಿಜ್ಞಾನಿ ಕ್ರೂಗರ್ ಕಂಡು ವರದಿ ಮಾಡಿದ ಈ ಪ್ರಕ್ರಿಯೆಯನ್ನು ಚಾರ್ಲ್ಸ್ ಡಾರ್ವಿನ್ 1859ರ ‘ಆನ್ ದಿ ಒರಿಜಿನ್ ಆಫ್ ಸ್ಪೀಷೀಸ್’ ಕೃತಿಯ ನಂತರದ ಆವೃತ್ತಿಗಳಲ್ಲಿ ವಿವರಿಸಿದ್ದಾರೆ.