ಖಾಕಿಗೂ ಕೇರಿಗೂ ನಡುವೆ ನಂಬಿಕೆ: ಹತ್ತು ಸೂತ್ರಗಳು

ನಡುಬೀದಿಯಲ್ಲಿ ಕೊಲೆಯಾಗುತ್ತದೆ. ಕಂಡವರು ಹತ್ತಾರು ಮಂದಿ, ಬಾಯಿ ಬಿಡುವವರು ಒಬ್ಬರೂ ಇಲ್ಲ. ಇದಕ್ಕೆ ಅರ್ಧ ಕಾರಣ ಕೊಲೆಗಾರನ ಭಯ, ಇನ್ನರ್ಧ ಠಾಣೆಯ ಭಯ. 'ಸಾಕ್ಷಿ ಹೇಳಲು ಹೋದರೆ ನಮ್ಮನ್ನೇ ಕೂರಿಸಿಕೊಂಡುಬಿಟ್ಟರೆ?' ಎಂಬ ಅಳುಕು ಒಂದು ಸಮುದಾಯದಲ್ಲಿ ಬೇರೂರಿತೆಂದರೆ ಎಷ್ಟು ಕ್ಯಾಮೆರಾ ಹಾಕಿದರೂ, ಎಷ್ಟು ಜೀಪು ಓಡಿಸಿದರೂ ತನಿಖೆ ಮುಂದೆ ಸಾಗುವುದಿಲ್ಲ. ಮೈಬಣ್ಣ, ಜನಾಂಗ, ಧರ್ಮ, ಜಾತಿ ನೋಡಿ ಅನುಮಾನಿಸುವ ಚಾಳಿಯೇ ಈ ಅಳುಕಿನ ತಾಯಿಬೇರು. ಅಮೆರಿಕ, ಬ್ರಿಟನ್‌ ದೇಶಗಳು ಭಾರೀ ಬೆಲೆ ತೆತ್ತು ಈ ಪಾಠ ಕಲಿಯುತ್ತಿವೆ. ನಮ್ಮ ನೆಲದಲ್ಲೂ ಈ ಗಾಯ ಹಳೆಯದೇ. ಆ ಅನುಭವಗಳಿಂದ ಆಯ್ದ ಹತ್ತು ಸೂತ್ರಗಳು ಇಲ್ಲಿವೆ. ಮೊದಲ ಎಂಟು ಪೊಲೀಸ್ ಅಧಿಕಾರಿಗಳಿಗೆ, ಕೊನೆಯ ಎರಡು ನಮಗೆಲ್ಲ.

1. ಅನುಮಾನ ನಡತೆಯ ಮೇಲಿರಲಿ, ಹುಟ್ಟಿನ ಮೇಲೆ ಬೇಡ

ಬ್ರಿಟಿಷ್ ಸರ್ಕಾರ 1871ರಲ್ಲಿ 'ಅಪರಾಧಿ ಬುಡಕಟ್ಟುಗಳ ಕಾಯ್ದೆ' ತಂದು ಇಡೀ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಪಟ್ಟಿ ಮಾಡಿತು. ಪಟ್ಟಿಯಲ್ಲಿದ್ದವರು ಹಾಜರಿ ಹಾಕಬೇಕು, ಊರು ಬಿಡಲು ಅಪ್ಪಣೆ ಕೇಳಬೇಕು. ಹುಬ್ಬಳ್ಳಿಯಲ್ಲಿ, ಗದಗ-ಬೆಟಗೇರಿಯಲ್ಲಿ ಅಂಥವರನ್ನು ತಂದು ಇರಿಸಿದ್ದ ಜಾಗಗಳನ್ನು ಜನ ಈಗಲೂ 'ಸೆಟ್ಲ್‌ಮೆಂಟ್' ಎಂದೇ ಕರೆಯುತ್ತಾರೆ. 1952ರ ಆಗಸ್ಟ್ 31ರಂದು ಕಾಯ್ದೆ ರದ್ದಾಯಿತು. ಆದರೆ ಆ ದೃಷ್ಟಿ ಪೂರ್ತಿ ಹೋಗಲಿಲ್ಲ. ಹಿಂದುಳಿದ, ಪರಿಶಿಷ್ಟ ಸಮುದಾಯಗಳ ಅಮಾಯಕರ ಮೇಲೆ ಯಾಂತ್ರಿಕವಾಗಿ ಹಿಸ್ಟರಿ ಶೀಟ್ ತೆರೆಯಬಾರದು ಎಂದು ಸುಪ್ರೀಂ ಕೋರ್ಟ್ 2024ರಲ್ಲೂ ಹೇಳಬೇಕಾಯಿತು.

ಯಾರನ್ನಾದರೂ ತಡೆಯುವ ಮುನ್ನ ನಿಮ್ಮನ್ನೇ ಕೇಳಿಕೊಳ್ಳಿ: ಇದೇ ಜಾಗದಲ್ಲಿ, ಇದೇ ಹೊತ್ತಿನಲ್ಲಿ, ಇದೇ ಕೆಲಸವನ್ನು ನನ್ನ ಪೈಕಿಯ ಹುಡುಗ ಮಾಡುತ್ತಿದ್ದರೆ ತಡೆಯುತ್ತಿದ್ದೆನೇ? ಇಲ್ಲ ಅನ್ನಿಸಿದರೆ ಮುಂದೆ ನಡೆಯಿರಿ.

2. ಎಷ್ಟು ಜನರನ್ನು ತಡೆದಿರಿ ಎಂದಲ್ಲ, ಏನು ಸಿಕ್ಕಿತು ಎಂದು ಲೆಕ್ಕ ಹಾಕಿ

ನ್ಯೂಯಾರ್ಕ್ ಪೊಲೀಸರು 2011ನೇ ಇಸವಿಯೊಂದರಲ್ಲೇ 6,85,724 ಬಾರಿ ಜನರನ್ನು ಬೀದಿಯಲ್ಲಿ ತಡೆದು ನಿಲ್ಲಿಸಿದರು. ಹತ್ತರಲ್ಲಿ ಸುಮಾರು ಒಂಬತ್ತು ಸಲ ಬಂಧನವೂ ಇಲ್ಲ, ದಂಡವೂ ಇಲ್ಲ. 2004ರಿಂದ 2012ರ ನಡುವಿನ 44 ಲಕ್ಷ ತಡೆಗಳನ್ನು ನ್ಯಾಯಾಲಯ ಪರಿಶೀಲಿಸಿದಾಗ ಕಂಡದ್ದು ಇಷ್ಟು: ನಗರದ ಜನಸಂಖ್ಯೆಯಲ್ಲಿ ಅರ್ಧದಷ್ಟಿರುವ ಕಪ್ಪು ಮತ್ತು ಹಿಸ್ಪಾನಿಕ್ ಜನರ ಪಾಲು ಈ ತಡೆಗಳಲ್ಲಿ ಶೇ 83. ಮೈ ತಡವಿ ನೋಡಿದ ಪ್ರಕರಣಗಳಲ್ಲಿ ಆಯುಧ ಸಿಕ್ಕಿದ್ದು ಶೇ 1.5ರಲ್ಲಿ ಮಾತ್ರ.

2013ರ ಆಗಸ್ಟ್‌ನಲ್ಲಿ ನ್ಯಾಯಾಧೀಶೆ ಶಿರಾ ಶೈಂಡ್ಲಿನ್, ಈ ಪದ್ಧತಿಯನ್ನು ನಡೆಸಿದ ರೀತಿ ಸಂವಿಧಾನಬಾಹಿರ ಎಂದು ತೀರ್ಪಿತ್ತರು. ತಪಾಸಣೆ ಕಡಿಮೆಯಾದರೆ ನಗರ ರಕ್ತದಲ್ಲಿ ಮುಳುಗುತ್ತದೆ ಎಂದು ಹಲವರು ಹೆದರಿಸಿದ್ದರು. 2017ರ ಹೊತ್ತಿಗೆ ದಾಖಲಾದ ತಡೆಗಳು ಹನ್ನೆರಡು ಸಾವಿರಕ್ಕೂ ಕೆಳಗಿಳಿದವು. ಕೊಲೆಗಳು 2011ರ 515ರಿಂದ 300ಕ್ಕೂ ಕೆಳಗೆ ಬಂದವು. ಕೊಲೆ ಇಳಿದದ್ದಕ್ಕೆ ಬೇರೆ ಕಾರಣಗಳೂ ಇರುತ್ತವೆ. ಆದರೆ ಲಕ್ಷಾಂತರ ನಿರಪರಾಧಿಗಳ ಜೇಬು ತಡಕಿದ್ದರಿಂದಲೇ ಊರು ಸುರಕ್ಷಿತವಾಗಿತ್ತು ಎಂಬ ವಾದ ಅಲ್ಲಿಗೆ ಬಿದ್ದುಹೋಯಿತು.

3. ಫಾರಂಗೆ ಒಂದು ಪ್ರಶ್ನೆ ಸೇರಿಸಿ

ಕ್ಯಾಲಿಫೋರ್ನಿಯಾದ ಓಕ್ಲೆಂಡ್‌ನಲ್ಲಿ ಸ್ಟ್ಯಾನ್‌ಫರ್ಡ್‌ನ ಮನಶ್ಶಾಸ್ತ್ರಜ್ಞೆ ಜೆನಿಫರ್ ಎಬರ್‌ಹಾರ್ಟ್ ಅವರ ತಂಡ ಪೊಲೀಸರ ಜತೆ ಕೆಲಸ ಮಾಡಿತು. ವಾಹನ ತಡೆದಾಗ ತುಂಬುವ ಫಾರಂಗೆ ಒಂದೇ ಒಂದು ಪ್ರಶ್ನೆ ಸೇರಿತು. ಇವರನ್ನು ತಡೆದದ್ದು ನಿರ್ದಿಷ್ಟ ಮಾಹಿತಿ ಆಧರಿಸಿಯೇ? ಹೌದು ಅಥವಾ ಇಲ್ಲ. ಆ ಒಂದು ಗಳಿಗೆಯ ಯೋಚನೆ ಎಷ್ಟೋ ಕೈಗಳನ್ನು ತಡೆಯಿತು. 2017ರಲ್ಲಿ ಸುಮಾರು 32,000 ಇದ್ದ ತಡೆಗಳು 2018ರಲ್ಲಿ ಸುಮಾರು 19,000ಕ್ಕೆ ಇಳಿದವು. ಕಪ್ಪು ಜನರನ್ನು ತಡೆಯುವುದು ಶೇ 43ರಷ್ಟು ಕಡಿಮೆಯಾಯಿತು. ಅಪರಾಧ ಹೆಚ್ಚಲಿಲ್ಲ.

ಪೂರ್ವಗ್ರಹ ಕೆಟ್ಟವರ ಸೊತ್ತಲ್ಲ. ಅವಸರದಲ್ಲಿ, ಆಯಾಸದಲ್ಲಿ, ಮಾಹಿತಿ ಇಲ್ಲದಾಗ ಅದು ಒಳ್ಳೆಯ ಅಧಿಕಾರಿಯಲ್ಲೂ ತಲೆ ಎತ್ತುತ್ತದೆ. ಭಾಷಣದಿಂದ ಅದು ಹೋಗುವುದಿಲ್ಲ. ಒಂದು ಕ್ಷಣ ನಿಂತು ಯೋಚಿಸುವಂಥ ವ್ಯವಸ್ಥೆ ಬೇಕು.

4. ಕಾರಣ ಹೇಳಿ, ಹೆಸರು ಹೇಳಿ, ಕಾಗದ ಕೊಡಿ

1981ರ ಏಪ್ರಿಲ್‌ನಲ್ಲಿ ಲಂಡನ್ನಿನ ಬ್ರಿಕ್ಸ್ಟನ್ ಹೊತ್ತಿ ಉರಿಯಿತು. ಅದಕ್ಕೆ ಮುಂಚಿನ ಕೆಲವೇ ದಿನಗಳಲ್ಲಿ 'ಸ್ವಾಂಪ್ 81' ಎಂಬ ಕಾರ್ಯಾಚರಣೆಯಡಿ ಪೊಲೀಸರು ಅಲ್ಲಿ 943 ಜನರನ್ನು ತಡೆದಿದ್ದರು. ತಡೆಸಿಕೊಂಡವರಲ್ಲಿ ಹೆಚ್ಚಿನವರು ಕಪ್ಪು ಯುವಕರು. ಆಮೇಲೆ ಆ ಗಲಭೆಯ ಕುರಿತು ಲಾರ್ಡ್ ಸ್ಕಾರ್ಮನ್ ವರದಿ ಬಂತು, 1984ರಲ್ಲಿ ಹೊಸ ಕಾಯ್ದೆ ಬಂತು. ಈಗ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಮೈ ತಪಾಸಣೆ ಮಾಡುವ ಅಧಿಕಾರಿ ಸಾಮಾನ್ಯವಾಗಿ ತನ್ನ ಹೆಸರು, ಠಾಣೆ, ಅನುಮಾನದ ಕಾರಣ, ಏನು ಹುಡುಕುತ್ತಿದ್ದೇನೆ, ಯಾವ ಕಾನೂನಿನಡಿ ಎಂಬುದನ್ನೆಲ್ಲ ಮೊದಲೇ ಹೇಳಬೇಕು. ದಾಖಲೆಯ ಪ್ರತಿ ಪಡೆಯುವ ಹಕ್ಕಿದೆ ಎಂದೂ ತಿಳಿಸಬೇಕು. ಇಷ್ಟಾದರೂ ತಾರತಮ್ಯ ಅಲ್ಲಿ ಅಳಿದಿಲ್ಲ. ಆದರೆ ದಾಖಲೆ ಇರುವುದರಿಂದಲೇ ಅದು ಅಂಕಿಅಂಶಗಳಲ್ಲಿ ಕಾಣುತ್ತದೆ, ಸಂಸತ್ತಿನಲ್ಲಿ ಪ್ರಶ್ನೆಯಾಗುತ್ತದೆ.

ನಮ್ಮಲ್ಲೂ ಬಂಧನದ ನಿಯಮಗಳ ಕುರಿತು ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂದು ಕಾಲು ಶತಮಾನ ದಾಟಿದೆ. ಬಂಧಿಸುವ ಅಧಿಕಾರಿಯ ಎದೆಯ ಮೇಲೆ ಹೆಸರಿನ ಪಟ್ಟಿ ಕಾಣಬೇಕು, ಸಾಕ್ಷಿಯ ಸಹಿ ಇರುವ ಬಂಧನ ಪತ್ರ ಬರೆಯಬೇಕು, ಮನೆಯವರಿಗೆ ತಿಳಿಸಬೇಕು. ಇದನ್ನು ಚಾಚೂ ತಪ್ಪದೆ ಪಾಲಿಸಿ.

5. ಮೊದಲ ಮಾತಿನಲ್ಲೇ ಮರ್ಯಾದೆ ಇರಲಿ

ಓಕ್ಲೆಂಡ್ ಪೊಲೀಸರ ಮೈಗೆ ಸಿಕ್ಕಿಸಿದ ಕ್ಯಾಮೆರಾಗಳಲ್ಲಿ ದಾಖಲಾದ 981 ವಾಹನ ತಡೆಗಳ ಮಾತುಕತೆಯನ್ನು ಸಂಶೋಧಕರು ಕೂಲಂಕಷವಾಗಿ ವಿಶ್ಲೇಷಿಸಿದರು. ಬಿಳಿಯ ಚಾಲಕರಿಗೆ 'ಸರ್', 'ಮೇಡಂ', 'ಹುಷಾರಾಗಿ ಹೋಗಿ' ಎಂಬ ಮಾತು ಹೆಚ್ಚು. ಕಪ್ಪು ಚಾಲಕರಿಗೆ ಗೌರವದ ಮಾತು ಕಡಿಮೆ. ತಪ್ಪಿನ ಗಾತ್ರ, ತಡೆದ ಜಾಗ ಎಲ್ಲ ಲೆಕ್ಕಕ್ಕೆ ತೆಗೆದುಕೊಂಡರೂ ಈ ವ್ಯತ್ಯಾಸ ಉಳಿಯಿತು. 2017ರಲ್ಲಿ ಈ ಅಧ್ಯಯನ ಪ್ರಕಟವಾಯಿತು.

ನಮ್ಮ ನಾಕಾಬಂದಿಯಲ್ಲೂ 'ಗಾಡಿ ಸ್ವಲ್ಪ ಸೈಡಿಗೆ ಹಾಕಿ ಸರ್' ಯಾರಿಗೆ, 'ಏಯ್, ಇಳಿಯೋ ಕೆಳಗೆ' ಯಾರಿಗೆ ಎಂದು ಗಮನಿಸಿ. ಜನ ಕಾನೂನು ಪಾಲಿಸುವುದು ಶಿಕ್ಷೆಯ ಭಯಕ್ಕಿಂತ ಹೆಚ್ಚಾಗಿ ವ್ಯವಸ್ಥೆ ನ್ಯಾಯವಾಗಿ ನಡೆದುಕೊಳ್ಳುತ್ತದೆ ಎಂಬ ನಂಬಿಕೆಯಿಂದ ಎಂದು ಅಮೆರಿಕದ ಮನಶ್ಶಾಸ್ತ್ರಜ್ಞ ಟಾಮ್ ಟೈಲರ್ 1990ರಲ್ಲೇ ತೋರಿಸಿಕೊಟ್ಟರು. ದಂಡ ಕಟ್ಟಿದವನೂ, ತನ್ನ ಮಾತು ಕೇಳಿಸಿಕೊಂಡರು ಎಂಬ ಸಮಾಧಾನದಿಂದ ಹೋಗಬಹುದು. ಬೈಗುಳ ತಿಂದವನು ಬಿಡುಗಡೆಯಾದರೂ ಮರೆಯುವುದಿಲ್ಲ.

6. ಯಂತ್ರ ತೋರಿಸಿದ ಮುಖವೇ ಸಾಕ್ಷ್ಯವಲ್ಲ

2020ರ ಜನವರಿಯಲ್ಲಿ ಡೆಟ್ರಾಯಿಟ್ ಪೊಲೀಸರು ಒಬ್ಬ ಕಪ್ಪು ಗೃಹಸ್ಥನನ್ನು ಅವನ ಮನೆಯ ಮುಂದೆ, ಹೆಂಡತಿ ಮಕ್ಕಳ ಕಣ್ಣೆದುರೇ ಬಂಧಿಸಿದರು. ಅಂಗಡಿಯಲ್ಲಿ ಕೈಗಡಿಯಾರ ಕದ್ದವನ ಮಸುಕು ಚಿತ್ರಕ್ಕೆ ಮುಖ ಗುರುತಿಸುವ ತಂತ್ರಾಂಶ ಇವನ ಹಳೆಯ ಫೋಟೊ ಹೊಂದಿಸಿತ್ತು. ಹೊಂದಿಸಿದ್ದು ತಪ್ಪಾಗಿತ್ತು. ಸುಮಾರು ಮೂವತ್ತು ಗಂಟೆ ಅವನು ಬಂಧನದಲ್ಲಿ ಕಳೆದ. ಅವನು ಹೂಡಿದ ಮೊಕದ್ದಮೆಯಲ್ಲಿ 2024ರಲ್ಲಿ ಆದ ರಾಜಿ ಒಪ್ಪಂದದ ಪ್ರಕಾರ ಅಲ್ಲಿ ತಂತ್ರಾಂಶದ ಫಲಿತಾಂಶವೊಂದನ್ನೇ ನಂಬಿ ಬಂಧಿಸುವಂತಿಲ್ಲ. ನಮ್ಮ ನಗರಗಳಲ್ಲೂ ಇಂಥ ಕ್ಯಾಮೆರಾಗಳು ಹೆಚ್ಚುತ್ತಿವೆ. ಯಂತ್ರ ಕೊಡುವುದು ಸುಳಿವು ಮಾತ್ರ. ತನಿಖೆಯ ಹೊಣೆ ಮನುಷ್ಯನದೇ.

7. ನೊಂದವರನ್ನು ನೊಂದವರಂತೆಯೇ ಕಾಣಿ

1993ರ ಏಪ್ರಿಲ್ 22ರ ರಾತ್ರಿ ಆಗ್ನೇಯ ಲಂಡನ್ನಿನ ಎಲ್ಥಂ ಎಂಬಲ್ಲಿ, ಬಸ್ಸಿಗೆ ಕಾದಿದ್ದ ಹದಿನೆಂಟರ ಕಪ್ಪು ಹುಡುಗ ಸ್ಟೀಫನ್ ಲಾರೆನ್ಸ್‌ನನ್ನು ಬಿಳಿಯ ಯುವಕರ ಗುಂಪು ಇರಿದು ಕೊಂದಿತು. ಜತೆಗಿದ್ದ ಗೆಳೆಯ ಹಲ್ಲೆಯಿಂದ ಪಾರಾದವನು, ಮುಖ್ಯ ಸಾಕ್ಷಿ. ಪೊಲೀಸರು ಅವನನ್ನು ನಡೆಸಿಕೊಂಡ ರೀತಿ ಸಾಕ್ಷಿಯನ್ನು ನಡೆಸಿಕೊಳ್ಳುವಂತಿರಲಿಲ್ಲ. ಆರೋಪಿಗಳ ಹೆಸರು ಬೇಗನೆ ಕಿವಿಗೆ ಬಿದ್ದರೂ ಬಂಧನಕ್ಕೆ ಎರಡು ವಾರ ಹಿಡಿಯಿತು. ತಂದೆ ತಾಯಿ ಪಟ್ಟು ಬಿಡದೆ ಹೋರಾಡಿದರು. 1999ರ ಮ್ಯಾಕ್‌ಫರ್ಸನ್ ವರದಿ ಲಂಡನ್ ಪೊಲೀಸ್ ಪಡೆಯಲ್ಲಿ ಸಾಂಸ್ಥಿಕ ಜನಾಂಗಭೇದವಿದೆ ಎಂದು ನೇರವಾಗಿ ಬರೆದು 70 ಶಿಫಾರಸು ಮಾಡಿತು. ಇಬ್ಬರಿಗೆ ಶಿಕ್ಷೆಯಾಗಲು 2012 ಬರಬೇಕಾಯಿತು.

ದೂರು ತಂದವರನ್ನು ಕೂರಿಸಿ, ನೀರು ಕೊಡಿ, ಎಫ್‌ಐಆರ್ ದಾಖಲಿಸಿ, ಪ್ರತಿ ಕೊಡಿ. 'ನಿಮ್ಮ ಕಡೆಯವರೇ ಏನೋ ಮಾಡಿರಬೇಕು' ಎಂಬ ಒಂದು ಮಾತು ಆ ಕೇರಿಯ ಬಾಗಿಲುಗಳನ್ನೆಲ್ಲ ವರ್ಷಗಟ್ಟಲೆ ಮುಚ್ಚಿಸಬಲ್ಲದು.

8. ಪಡೆ ಸಮಾಜದ ಹಾಗಿರಲಿ, ಬೀಟ್ ಶಾಂತಿಯ ದಿನಗಳಲ್ಲೂ ನಡೆಯಲಿ

ಉತ್ತರ ಐರ್ಲೆಂಡ್‌ನಲ್ಲಿ ಕ್ಯಾಥೊಲಿಕರು ಜನಸಂಖ್ಯೆಯಲ್ಲಿ ದೊಡ್ಡ ಪಾಲು, ಪೊಲೀಸ್ ಪಡೆಯಲ್ಲಿ ಮಾತ್ರ ಶೇ 8ರ ಆಸುಪಾಸಿನಲ್ಲಿದ್ದರು. ಪೊಲೀಸ್ ಸುಧಾರಣೆ ಸೂಚಿಸಿದ 1999ರ ಪ್ಯಾಟನ್ ವರದಿಯ ಬಳಿಕ 2001ರಲ್ಲಿ ಪಡೆಯ ಹೆಸರು ಬದಲಾಯಿತು. ಟೋಪಿಯ ಲಾಂಛನದಲ್ಲಿ ಮೊದಲೇ ಇದ್ದ ಕಿರೀಟ, ಐರಿಷ್ ವೀಣೆ, ಮೂರೆಲೆಯ ಶ್ಯಾಮ್ರಾಕ್ ಜತೆ ತಕ್ಕಡಿ, ಪಂಜು, ಆಲಿವ್ ರೆಂಬೆ ಸೇರಿದವು. 2011ರವರೆಗೆ ನೇಮಕದಲ್ಲಿ ಕ್ಯಾಥೊಲಿಕರಿಗೆ ಅರ್ಧ, ಉಳಿದವರಿಗೆ ಅರ್ಧ. ಆ ಹತ್ತು ವರ್ಷದಲ್ಲಿ ಅವರ ಪಾಲು ಶೇ 30ರ ಹತ್ತಿರ ಬಂತು. ಪೊಲೀಸರ ಮೇಲಿನ ದೂರಿನ ತನಿಖೆ ಸ್ವತಂತ್ರ ಓಂಬುಡ್ಸ್‌ಮನ್ ಕೈಗೆ ಹೋಯಿತು.

ನೇಮಕವೊಂದೇ ಸಾಲದು. 2023ರಲ್ಲಿ ಮೆಂಫಿಸ್‌ನಲ್ಲಿ ಕಪ್ಪು ಯುವಕನೊಬ್ಬ ಪೊಲೀಸರ ಹೊಡೆತಕ್ಕೆ ಬಲಿಯಾದಾಗ, ಆರೋಪ ಹೊತ್ತ ಐವರು ಅಧಿಕಾರಿಗಳೂ ಕಪ್ಪು ಜನರೇ. ಆದ್ದರಿಂದ ಒಡನಾಟವೂ ಬೇಕು. ಕೇರಳ 2008ರಲ್ಲಿ ಜನಮೈತ್ರಿ ಯೋಜನೆಯಡಿ ಬೀಟ್ ಪೊಲೀಸರನ್ನು ಮನೆಮನೆಗೆ ಕಳಿಸಲು ಶುರುಮಾಡಿತು. ಕರ್ನಾಟಕ 2025ರಲ್ಲಿ 'ಮನೆ ಮನೆಗೆ ಪೊಲೀಸ್' ತಂದಿತು. ಗಲಭೆಯ ಮರುದಿನ ಕರೆಯುವ ಶಾಂತಿ ಸಭೆಯಲ್ಲಿ ಹುಟ್ಟದ ಸಲಿಗೆ, ಏನೂ ನಡೆಯದ ಮಂಗಳವಾರ ಚಹಾದಂಗಡಿಯ ಮುಂದೆ ನಿಂತು ಮಾತಾಡಿದರೆ ಹುಟ್ಟುತ್ತದೆ. 2012ರ ಆಗಸ್ಟ್‌ನಲ್ಲಿ ವದಂತಿಯೊಂದಕ್ಕೆ ಬೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರಿನಿಂದ ಗುವಾಹಟಿಯ ರೈಲು ಹತ್ತಿದರು. ಪೊಲೀಸರು, ಸಚಿವರು ನಿಲ್ದಾಣಕ್ಕೇ ಹೋಗಿ ಭರವಸೆ ಕೊಟ್ಟರೂ ರೈಲುಗಳು ತುಂಬಿದವು. ನಂಬಿಕೆ ಆಪತ್ತಿನ ದಿನ ಕೇಳಿದರೆ ಸಿಗುವುದಿಲ್ಲ.

9. 112ಕ್ಕೆ ಕರೆ ಮಾಡುವ ಮುನ್ನ ಕೇಳಿಕೊಳ್ಳಿ: ಅವರು ಮಾಡಿದ್ದೇನು?

2015ರ ಫೆಬ್ರುವರಿ, ಅಲಬಾಮಾದ ಮ್ಯಾಡಿಸನ್. ಗುಜರಾತಿನಿಂದ ಮಗನ ಮನೆಗೆ ಬಂದಿದ್ದ 57ರ ಹಿರಿಯರೊಬ್ಬರು ಬೆಳಗ್ಗೆ ಬಡಾವಣೆಯಲ್ಲಿ ನಡೆಯುತ್ತಿದ್ದರು. ಅಪರಿಚಿತ ಕಪ್ಪು ಮನುಷ್ಯನೊಬ್ಬ ಓಡಾಡುತ್ತಿದ್ದಾನೆ ಎಂದು ನೆರೆಯವರೊಬ್ಬರು ಪೊಲೀಸರಿಗೆ ಫೋನ್ ಮಾಡಿದರು. ಹಿರಿಯರಿಗೆ ಇಂಗ್ಲಿಷ್ ಬಾರದು. ಅಧಿಕಾರಿ ಅವರನ್ನು ನೆಲಕ್ಕೆ ಕೆಡವಿದ. ಕತ್ತಿಗೆ ಪೆಟ್ಟಾಗಿ ಮೈ ಭಾಗಶಃ ಸ್ವಾಧೀನ ತಪ್ಪಿತು. ರಾಜ್ಯಪಾಲರು ಕ್ಷಮೆ ಕೇಳಿದರು, ನಗರಾಡಳಿತ ಮುಂದೆ ಪರಿಹಾರ ಕೊಟ್ಟಿತು, ಅಧಿಕಾರಿ ಮಾತ್ರ ಖುಲಾಸೆಯಾದ. ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೋಗಿ ಬೆಳಗ್ಗೆ ವಾಕಿಂಗ್ ಹೊರಡುವ ನಮ್ಮ ಅಪ್ಪ ಅಮ್ಮಂದಿರಿಗೂ ಇದೇ ಆಗಬಹುದಿತ್ತು.

ಈ ಅನ್ಯಾಯ ಶುರುವಾದದ್ದು ಒಂದು ಫೋನ್ ಕರೆಯಿಂದ. ನಮ್ಮ ಅಪಾರ್ಟ್‌ಮೆಂಟ್ ವಾಟ್ಸ್ಆ್ಯಪ್ ಗುಂಪಿನಲ್ಲಿ 'ಯಾರೋ ಅನುಮಾನಾಸ್ಪದ ವ್ಯಕ್ತಿ' ಎಂದು ಫೋಟೊ ಹಾಕುವಾಗಲೂ ಇದು ನೆನಪಿರಲಿ. ಬಟ್ಟೆ, ಗಡ್ಡ, ಬಣ್ಣ, ಭಾಷೆ ದೂರಲ್ಲ. ಕೃತ್ಯ ಇದ್ದರೆ ಕೃತ್ಯವನ್ನೇ ಹೇಳಿ.

10. ಸಮುದಾಯದ ಮುಂದಾಳುಗಳೇ, ಹಕ್ಕು ಕೇಳಿ, ಹೊಣೆಯನ್ನೂ ಹೊರಿ

ದೂರು ಬಾಯಿಮಾತಿನಲ್ಲಿ ಬೇಡ, ಬರವಣಿಗೆಯಲ್ಲಿರಲಿ. ದಿನಾಂಕ, ಸಮಯ, ಜಾಗ, ಅಧಿಕಾರಿಯ ಎದೆಪಟ್ಟಿಯ ಹೆಸರು ಬರೆದಿಡಿ. ಠಾಣೆ ದೂರು ತೆಗೆದುಕೊಳ್ಳದಿದ್ದರೆ ಎಸ್‌ಪಿಗೆ ಅಂಚೆಯಲ್ಲಿ ಕಳಿಸಲು ಕಾನೂನಿನಲ್ಲೇ ದಾರಿಯಿದೆ. ಕಾನೂನು ಸೇವಾ ಪ್ರಾಧಿಕಾರದಲ್ಲಿ ಮಹಿಳೆಯರು, ಪರಿಶಿಷ್ಟರು, ಬಂಧನದಲ್ಲಿರುವವರಿಗೆ ಉಚಿತ ವಕೀಲರು ಸಿಗುತ್ತಾರೆ. ಯುವಕ ಯುವತಿಯರನ್ನು ಪೊಲೀಸ್ ನೇಮಕಾತಿ ಪರೀಕ್ಷೆಗೆ ತಯಾರು ಮಾಡಿ.

ಹಾಗೆಯೇ, ನಮ್ಮವನೆಂಬ ಕಾರಣಕ್ಕೆ ಅಪರಾಧಿಯನ್ನು ಬಚ್ಚಿಡಬೇಡಿ. ಅವನ ಕೈಗೆ ಮೊದಲು ಸಿಕ್ಕಿ ನಲುಗುವುದು ನಿಮ್ಮ ಕೇರಿಯೇ. ಸಾಕ್ಷಿಗಳ ರಕ್ಷಣೆಯ ಯೋಜನೆಗೆ ಸುಪ್ರೀಂ ಕೋರ್ಟ್ 2018ರಲ್ಲೇ ಮುದ್ರೆ ಒತ್ತಿದೆ, ಅದನ್ನು ಬಳಸಿಕೊಳ್ಳಿ. ಸಿನ್ಸಿನಾಟಿಯಲ್ಲಿ 2001ರಲ್ಲಿ ನಿರಾಯುಧ ಕಪ್ಪು ಯುವಕನೊಬ್ಬ ಪೊಲೀಸ್ ಗುಂಡಿಗೆ ಬಲಿಯಾಗಿ ಊರು ಹತ್ತಿ ಉರಿದಾಗ, ಕಪ್ಪು ಸಮುದಾಯದ ಮುಂದಾಳುಗಳು ಅಲ್ಲಿಗೆ ನಿಲ್ಲಲಿಲ್ಲ. ನಗರಾಡಳಿತ ಮತ್ತು ಪೊಲೀಸ್ ಸಂಘದ ಎದುರು ಕೂತು ಮಾತಾಡಿ 2002ರಲ್ಲಿ ಒಪ್ಪಂದಕ್ಕೆ ಸಹಿ ಹಾಕಿಸಿದರು. ಬೀದಿಯ ಕೋಪ ಕರಾರಾಗಿ ಬದಲಾದದ್ದು ಹಾಗೆ.

ಹತ್ತನ್ನೂ ಒಂದೇ ದಿನ ಜಾರಿಗೆ ತರಲಾಗದು. ನೀವು ಠಾಣಾಧಿಕಾರಿಯಾಗಿದ್ದರೆ ಎರಡನೆಯ ಸೂತ್ರದಿಂದ ಆರಂಭಿಸಿ. ಕಳೆದ ತಿಂಗಳು ತಡೆದವರೆಷ್ಟು, ಅವರು ಯಾವ ಬಡಾವಣೆಯವರು, ಎಷ್ಟು ಜನರ ಮೇಲೆ ನಿಜಕ್ಕೂ ಪ್ರಕರಣ ದಾಖಲಾಯಿತು ಎಂದು ಒಂದು ಹಾಳೆಯಲ್ಲಿ ಬರೆಯಿರಿ. ಆ ಹಾಳೆಯನ್ನು ಮುಂದಿನ ನಾಗರಿಕ ಸಭೆಯಲ್ಲಿ ಜನರ ಮುಂದಿಟ್ಟು ಓದಿ. ಮುಜುಗರವಾಗಬಹುದು, ಕಟುವಾದ ಪ್ರಶ್ನೆಗಳೂ ಬರಬಹುದು. ಉತ್ತರ ಕೊಡಿ. ಲೆಕ್ಕ ಒಪ್ಪಿಸುವ ಪೊಲೀಸರನ್ನು ಜನ ನಂಬುತ್ತಾರೆ. ನಂಬಿದ ಜನ ಸಾಕ್ಷಿ ಹೇಳಲು ಬರುತ್ತಾರೆ.