ವಾಸದ ಕಟ್ಟಡದಲ್ಲಿ ವ್ಯಾಪಾರ: ನೆರೆಯವರ ಆಕ್ಷೇಪಣೆ ಮತ್ತು ಕಾನೂನಿನ ನಿಲುವು

ವಾಸದ ಮನೆಯ ನೆಲಮಹಡಿಯನ್ನು ಅಂಗಡಿಯನ್ನಾಗಿಯೋ, ಹಿತ್ತಲಿನ ಷೆಡ್ಡನ್ನು ಗೋದಾಮು ಅಥವಾ ಸಣ್ಣ ಕಾರ್ಯಾಗಾರವನ್ನಾಗಿಯೋ ಮಾರ್ಪಡಿಸಿಕೊಳ್ಳುವುದು ರಾಜ್ಯದ ಎಲ್ಲ ಪಟ್ಟಣಗಳಲ್ಲಿಯೂ ಕಂಡುಬರುವ ಸಂಗತಿ. ಬಾಡಿಗೆ ಉಳಿಯುತ್ತದೆ, ಮನೆಮಂದಿಯ ನೆರವು ದೊರೆಯುತ್ತದೆ. ಆದರೆ ಹೂಡಿದ ಬಂಡವಾಳದ ಭದ್ರತೆಯು ಕಟ್ಟಡದ ಗಟ್ಟಿತನಕ್ಕಿಂತ ಹೆಚ್ಚಾಗಿ ಅದರ ಅನುಮತಿಪತ್ರವನ್ನು ಅವಲಂಬಿಸಿದೆ ಎಂಬುದನ್ನು ಅನೇಕ ವರ್ತಕರು ಗಮನಿಸುವುದಿಲ್ಲ.

ಎರಡು ಅನುಮತಿಗಳು

ಕಟ್ಟಡದ ಮಾರ್ಪಾಟಿನಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳಿವೆ. ಮೊದಲನೆಯದು ಭೂ ಉಪಯೋಗ. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮ, 1961ರ ಕಲಂ 14ರ ಪ್ರಕಾರ ಯೋಜನಾ ಪ್ರದೇಶದಲ್ಲಿ ಭೂ ಉಪಯೋಗದ ಬದಲಾವಣೆಗೆ ಯೋಜನಾ ಪ್ರಾಧಿಕಾರದ ಲಿಖಿತ ಅನುಮತಿ ಅಗತ್ಯ. ಮಹಾಯೋಜನೆಯಲ್ಲಿ ಗುರುತಿಸಿದ ಉಪಯೋಗವನ್ನೇ ಬದಲಿಸಬೇಕಾದರೆ ಕಲಂ 14-ಎ ಅನ್ವಯಿಸುತ್ತದೆ. ಬದಲಾವಣೆಯು ಸಾರ್ವಜನಿಕ ಹಿತಕ್ಕೆ ಅನುಗುಣವಾಗಿರಬೇಕು. ಪ್ರಸ್ತಾವವನ್ನು ದಿನಪತ್ರಿಕೆಯಲ್ಲಿ ಪ್ರಕಟಿಸಿ ಸಾರ್ವಜನಿಕರಿಂದ ಆಕ್ಷೇಪಣೆಗಳನ್ನು ಆಹ್ವಾನಿಸಬೇಕು. ನೆರೆಯವರ ಮಾತಿಗೆ ಕಾನೂನೇ ಇಲ್ಲಿ ಸ್ಥಾನ ಕೊಟ್ಟಿದೆ.

ಎರಡನೆಯದು ಕಟ್ಟಡದ ನಕ್ಷೆ. ಇದು ಸ್ಥಳೀಯ ಸಂಸ್ಥೆಯ ಅಧಿಕಾರ. ಪುರಸಭೆ, ನಗರಸಭೆಗಳಿಗೆ 1964ರ ಅಧಿನಿಯಮ, ಮಹಾನಗರಪಾಲಿಕೆಗಳಿಗೆ 1976ರ ಅಧಿನಿಯಮ, ಬೆಂಗಳೂರಿಗೆ ಪ್ರತ್ಯೇಕ ಶಾಸನ ಅನ್ವಯವಾಗುತ್ತವೆ. ಒಂದು ಅನುಮತಿ ಇದ್ದ ಮಾತ್ರಕ್ಕೆ ಇನ್ನೊಂದು ದೊರೆತಂತಾಗುವುದಿಲ್ಲ. ಅಂತೆಯೇ ಉದ್ದಿಮೆ ಪರವಾನಗಿಯಾಗಲಿ, ವಾಣಿಜ್ಯ ದರದಲ್ಲಿ ತೆತ್ತ ಆಸ್ತಿ ತೆರಿಗೆಯ ರಸೀತಿಯಾಗಲಿ ಭೂ ಉಪಯೋಗದ ಅನುಮತಿಯಲ್ಲ.

ಉಡುಪಿಯ ತೀರ್ಪು

ನೆರೆಯವರಿಗೆ ಪ್ರಶ್ನಿಸುವ ಹಕ್ಕು ಎಲ್ಲಿಂದ ಬಂತು ಎಂಬ ಪ್ರಶ್ನೆಗೆ 1974ರಲ್ಲಿ ಉಡುಪಿ ಪುರಸಭೆಯ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಉತ್ತರಿಸಿದೆ. ನಗರ ಯೋಜನೆಯಲ್ಲಿ ವಸತಿಗೆಂದು ಮೀಸಲಾಗಿದ್ದ ಪ್ರದೇಶದಲ್ಲಿ ಕಲ್ಯಾಣ ಮಂಟಪ ಹಾಗೂ ಉಪನ್ಯಾಸ ಭವನಕ್ಕೆ ಮೊದಲು ಅನುಮತಿ ಪಡೆಯಲಾಗಿತ್ತು. ಅನಂತರ ಅದನ್ನೇ ಚಿತ್ರಮಂದಿರವಾಗಿ ಮಾರ್ಪಡಿಸಲು ಪುರಸಭೆ ಒಪ್ಪಿತು. ನೆರೆಯ ನಿವಾಸಿಯೊಬ್ಬರು ನ್ಯಾಯಾಲಯದ ಮೊರೆಹೊಕ್ಕರು. ಕಟ್ಟಡಕ್ಕೆ ಈಗಾಗಲೇ ಸಾಕಷ್ಟು ಹಣ ವೆಚ್ಚವಾಗಿದೆ ಎಂಬುದನ್ನು ಪರಿಗಣಿಸಿ ಉಚ್ಚ ನ್ಯಾಯಾಲಯವು ಅನುಮತಿಯನ್ನು ರದ್ದುಪಡಿಸಲಿಲ್ಲ. ಸರ್ವೋಚ್ಚ ನ್ಯಾಯಾಲಯವು ಈ ನಿಲುವನ್ನು ಒಪ್ಪಲಿಲ್ಲ. ವಸತಿ ಪ್ರದೇಶದ ಅಕ್ರಮ ಕಟ್ಟಡವು ಅಲ್ಲಿನ ನಿವಾಸಿಗಳ ಆಸ್ತಿಯ ಅನುಭೋಗಕ್ಕೆ ಧಕ್ಕೆ ತರುತ್ತದೆ, ಯೋಜನೆಯನ್ನು ಪಾಲಿಸುವುದು ಪುರಸಭೆಯ ಶಾಸನಬದ್ಧ ಕರ್ತವ್ಯ, ಅಧಿಕಾರ ಮೀರಿ ಕೊಟ್ಟ ಅನುಮತಿಯು ಯಾರ ಮೌನದಿಂದಲೂ ಸಕ್ರಮವಾಗದು ಎಂದು ಅದು ಸಾರಿತು.

1991ರಲ್ಲಿ ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯ ಉದ್ಯಾನದ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಹಂಚಿದ ಪ್ರಕರಣದಲ್ಲಿಯೂ ನಿವಾಸಿಗಳ ಹಕ್ಕನ್ನು ನ್ಯಾಯಾಲಯ ಎತ್ತಿಹಿಡಿಯಿತು. 2024ರ ಡಿಸೆಂಬರಿನಲ್ಲಿ ಮೀರತ್ ನಗರದ ಪ್ರಕರಣ ಬಂದಿತು. ವಸತಿ ನಿವೇಶನದಲ್ಲಿ ಕಟ್ಟಿದ ಅಂಗಡಿಗಳ ನೆಲಸಮವನ್ನು ಎತ್ತಿಹಿಡಿದುದಲ್ಲದೆ, ಅನಧಿಕೃತ ಕಟ್ಟಡದಲ್ಲಿ ಯಾವುದೇ ವ್ಯಾಪಾರಕ್ಕೆ ಪರವಾನಗಿ ಕೊಡಕೂಡದು, ಬ್ಯಾಂಕುಗಳು ಕಟ್ಟಡದ ಪ್ರಮಾಣಪತ್ರವನ್ನು ಪರಿಶೀಲಿಸಿಯೇ ಸಾಲ ನೀಡಬೇಕು ಎಂದು ಸರ್ವೋಚ್ಚ ನ್ಯಾಯಾಲಯ ನಿರ್ದೇಶಿಸಿತು.

ಮುಂದೆ ಸಕ್ರಮವಾದೀತು ಎಂಬ ಭರವಸೆಯೂ ದುರ್ಬಲವೇ. ಸೆಟ್‌ಬ್ಯಾಕ್ ಮೊದಲಾದ ಉಲ್ಲಂಘನೆಗಳನ್ನು ವಸತಿ ಕಟ್ಟಡಗಳಲ್ಲಿ ಶೇ. 50, ವಾಣಿಜ್ಯ ಕಟ್ಟಡಗಳಲ್ಲಿ ಶೇ. 25ರವರೆಗೆ ಸಕ್ರಮಗೊಳಿಸುವ ರಾಜ್ಯದ ಅಕ್ರಮ-ಸಕ್ರಮ ಯೋಜನೆಗೆ 2017ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ತಡೆಯಾಜ್ಞೆ ನೀಡಿತು.

ಲೆಕ್ಕದ ದೃಷ್ಟಿಯಿಂದ

ಒಂದು ಕಾಲ್ಪನಿಕ ಉದಾಹರಣೆಯನ್ನು ತೆಗೆದುಕೊಳ್ಳಬಹುದು. ವರ್ತಕನೊಬ್ಬನು ಮನೆಯ ಮಾರ್ಪಾಟಿಗೆ 12 ಲಕ್ಷ ರೂ. ವೆಚ್ಚ ಮಾಡುತ್ತಾನೆ, ಅದರಲ್ಲಿ 8 ಲಕ್ಷ ರೂ. ಶೇ. 12ರ ಬಡ್ಡಿಯ ಸಾಲ. ಹೊರಗಿನ ಮಳಿಗೆಯ ಬಾಡಿಗೆ ತಿಂಗಳಿಗೆ 25,000 ರೂ. ಉಳಿಯುತ್ತದೆ. ಬಡ್ಡಿ ಬಿಟ್ಟರೂ ಹೂಡಿಕೆ ಮರಳಲು 48 ತಿಂಗಳು ಬೇಕು. 18ನೆಯ ತಿಂಗಳಲ್ಲಿ ವ್ಯಾಪಾರ ನಿಲ್ಲಿಸುವ ಆದೇಶ ಬಂದರೆ ಉಳಿತಾಯವಾದದ್ದು 4,50,000 ರೂ. ಮಾತ್ರ. ಅಸಲು ತೀರದಿದ್ದಲ್ಲಿ 1,44,000 ರೂ. ಬಡ್ಡಿಯೂ ಸೇರಿ ನಷ್ಟ 8,94,000 ರೂ. ಆಗುತ್ತದೆ. ಕಟ್ಟಡವನ್ನು ಮೊದಲಿನಂತೆ ಮಾಡುವ ಖರ್ಚು, ಹೊಸ ಮಳಿಗೆಯ ಮುಂಗಡ ಇದರ ಮೇಲೆ. ನಕ್ಷೆ ಉಲ್ಲಂಘನೆಗೆ ಪಾಲಿಕೆಗೆ ತೆತ್ತ ರಾಜಿ ಶುಲ್ಕವನ್ನು ಆದಾಯ ತೆರಿಗೆಯಲ್ಲಿ ವ್ಯಾಪಾರದ ವೆಚ್ಚವೆಂದು ಕಳೆಯಲಾಗದು ಎಂದು ಕರ್ನಾಟಕ ಉಚ್ಚ ನ್ಯಾಯಾಲಯವೇ ತೀರ್ಪಿತ್ತಿದೆ.

ವರ್ತಕರು ಗಮನಿಸಬೇಕಾದ ಅಂಶಗಳು

1. ಕೆಲಸ ಆರಂಭಿಸುವ ಮುನ್ನ ಯೋಜನಾ ಪ್ರಾಧಿಕಾರದಿಂದ ನಿವೇಶನದ ವಲಯದ ಬಗ್ಗೆ ಲಿಖಿತ ಮಾಹಿತಿ ಪಡೆಯಬೇಕು. ವಸತಿ ವಲಯದಲ್ಲಿಯೂ ಕೆಲವು ಪೂರಕ ಉಪಯೋಗಗಳಿಗೆ ಅವಕಾಶವಿರುವುದುಂಟು. ರಸ್ತೆಯ ಅಗಲ, ವಿಸ್ತೀರ್ಣ, ಯಂತ್ರದ ಅಶ್ವಶಕ್ತಿಯ ಮಿತಿಗಳನ್ನು ಸ್ಥಳೀಯ ವಲಯ ನಿಯಮಾವಳಿಯಲ್ಲಿಯೇ ನೋಡಬೇಕು.

2. ನೆರೆಯವರ ಒಪ್ಪಿಗೆ ಪತ್ರ ಸೌಹಾರ್ದಕ್ಕೆ ಸಹಾಯಕ. ಆದರೆ ಅದು ವಲಯ ಉಲ್ಲಂಘನೆಯನ್ನು ಅಳಿಸದು. ಇಂದು ಒಪ್ಪಿದವರು ನಾಳೆ ಮನೆ ಮಾರಿದರೆ ಹೊಸ ಮಾಲೀಕರು ಆಕ್ಷೇಪಿಸಬಹುದು.

3. ಆಕ್ಷೇಪಣೆಯನ್ನು ಅಂಶವಾರು ಬಿಡಿಸಿ ಉತ್ತರಿಸಬೇಕು. ಶಬ್ದ, ಹೊಗೆ, ವಾಹನ ನಿಲುಗಡೆ, ಗಾಳಿ-ಬೆಳಕು ಇವುಗಳಿಗೆ ಪರಿಹಾರವಿದೆ. ಅದನ್ನು ನಕ್ಷೆಯಲ್ಲಿಯೇ ತೋರಿಸಬೇಕು. ವಲಯದ ಆಕ್ಷೇಪಣೆಗೆ ಅನುಮತಿಪತ್ರವೊಂದೇ ಉತ್ತರ.

4. ಕಾರಣ ಕೇಳುವ ನೋಟೀಸಿಗೆ ಗಡುವಿನೊಳಗೆ ಲಿಖಿತ ಉತ್ತರ ಕೊಟ್ಟು ಸ್ವೀಕೃತಿ ಪಡೆಯಬೇಕು. ಮೌನವಿದ್ದರೆ ತಾತ್ಕಾಲಿಕ ಆದೇಶ ಸ್ಥಿರಗೊಳ್ಳುತ್ತದೆ.

5. ಅನುಮತಿಗಳೆಲ್ಲ ಕ್ರಮಬದ್ಧವಾಗಿದ್ದು ಮೊಕದ್ದಮೆಯ ಸೂಚನೆ ಕಂಡಲ್ಲಿ, ದಿವಾಣಿ ಪ್ರಕ್ರಿಯಾ ಸಂಹಿತೆಯ ಕಲಂ 148-ಎ ಅನ್ವಯ ಕೇವಿಯಟ್ ಸಲ್ಲಿಸಬಹುದು. ಅದು 90 ದಿನಗಳ ಕಾಲ ಊರ್ಜಿತದಲ್ಲಿರುತ್ತದೆ. ಆ ಅವಧಿಯಲ್ಲಿ ಅರ್ಜಿ ಬಂದರೆ ಕೇವಿಯಟ್‌ದಾರನಿಗೆ ನೋಟೀಸು ಕೊಡಬೇಕಾಗುತ್ತದೆ.

ನೆರೆಯವರ ಆಕ್ಷೇಪಣೆಯನ್ನು ಅಸೂಯೆಯೆಂದು ತಳ್ಳಿಹಾಕುವುದು ಸುಲಭ. ಆದರೆ ಇದೇ ಕಾನೂನು ವರ್ತಕನ ಮನೆಯ ಪಕ್ಕದಲ್ಲಿ ಇನ್ನೊಬ್ಬರ ಗಿರಣಿ ತಲೆಯೆತ್ತದಂತೆಯೂ ಕಾಯುತ್ತದೆ. ಅನುಮತಿಗಾಗಿ ಕಾಯುವ ಕೆಲವು ತಿಂಗಳುಗಳ ಬಾಡಿಗೆಯನ್ನು ಯೋಜನಾ ವೆಚ್ಚದಲ್ಲಿಯೇ ಸೇರಿಸಿಕೊಳ್ಳುವುದು ಸೂಕ್ತ. ಬಂಡವಾಳಕ್ಕೆ ಅದಕ್ಕಿಂತ ಅಗ್ಗದ ವಿಮೆ ಇಲ್ಲ.