ಹಳೆಯ ರೇಂಜ್‌ಫೈಂಡರ್ ಕ್ಯಾಮೆರಾ: ರೋಲ್ ಹಾಕುವ ಮುನ್ನ ಇಷ್ಟು ನೋಡಿ

ಹಳೆಯ ರೇಂಜ್‌ಫೈಂಡರ್ ಕ್ಯಾಮೆರಾ ಆಸೆಪಟ್ಟು ಕೊಂಡವರಲ್ಲಿ ಹಲವರಿಗೆ ಮೊದಲ ರೋಲ್ ತೊಳೆಸಿದ ದಿನವೇ ಉತ್ಸಾಹ ಇಳಿದುಹೋಗುತ್ತದೆ. ಮುಖಗಳೆಲ್ಲ ಮಸುಕು, ಅಂಚಿನಲ್ಲಿ ಕಿತ್ತಳೆ ಬಣ್ಣದ ಬೆಳಕಿನ ಪಟ್ಟಿ, ಅದೂ ಇಲ್ಲವೆಂದರೆ ಇಡೀ ರೋಲೇ ಖಾಲಿ. ಫಿಲ್ಮ್, ಡೆವಲಪಿಂಗ್, ಸ್ಕ್ಯಾನಿಂಗ್ ಸೇರಿ ಇವತ್ತು ಒಂದು ಕಲರ್ ರೋಲಿನ ಖರ್ಚು ಸಾವಿರ ರೂಪಾಯಿ ದಾಟುತ್ತದೆ. ಹೀಗಿರುವಾಗ ಬೇಸರವಾಗದೆ ಇರುತ್ತದೆಯೇ? ಆದರೆ ಈ ದೋಷಗಳಲ್ಲಿ ಹೆಚ್ಚಿನವನ್ನು ಫಿಲ್ಮ್ ಹಾಕದೆಯೇ ಪತ್ತೆ ಮಾಡಬಹುದು. ಅದಕ್ಕೆ ಮೊಬೈಲಿನ ಟಾರ್ಚ್, ಅಳತೆಯ ಟೇಪು, ಒಂದು ತುಂಡು ಟ್ರೇಸಿಂಗ್ ಪೇಪರ್, ಭೂತಗನ್ನಡಿ, ಕೇಬಲ್ ರಿಲೀಸ್ ಇದ್ದರೆ ಸಾಕು.

ಈ ಕ್ಯಾಮೆರಾದಲ್ಲಿ ನಾವು ಲೆನ್ಸಿನ ಮೂಲಕ ನೋಡುವುದಿಲ್ಲ. ಮೇಲಿನ ಒಂದು ಕಿಟಕಿಯಲ್ಲಿ ದೃಶ್ಯ ಕಾಣುತ್ತದೆ. ಪಕ್ಕದ ಸಣ್ಣ ಕಿಟಕಿಯಿಂದ ಬಂದ ಇನ್ನೊಂದು ಬಿಂಬ ಕನ್ನಡಿಯಲ್ಲಿ ತಿರುಗಿ ಅದರ ನಡುವೆ ಬೀಳುತ್ತದೆ. ಲೆನ್ಸ್ ತಿರುಗಿಸಿದಂತೆ ಈ ಬಿಂಬ ಸರಿಯುತ್ತದೆ, ಎರಡೂ ಒಂದಾದರೆ ಫೋಕಸ್ ಕೂಡಿತು ಎಂದರ್ಥ. 1932ರಲ್ಲಿ ಬಂದ ಲೈಕಾ 2 ಮತ್ತು ಜೈಸ್ ಇಕಾನ್ ಕಂಪನಿಯ ಕಾಂಟ್ಯಾಕ್ಸ್‌ಗಳಿಂದ ಹಿಡಿದು ಎಲ್ಲ ರೇಂಜ್‌ಫೈಂಡರುಗಳ ಮೂಲತತ್ವವೂ ಇದೇ. ತೊಂದರೆಯ ಬೇರೂ ಇಲ್ಲೇ ಇದೆ. ಒಳಗಿನ ಕನ್ನಡಿ ಕೂದಲೆಳೆಯಷ್ಟು ಕದಲಿದ್ದರೂ ಕಣ್ಣಿಗೆ ಕಾಣುವ ದೃಶ್ಯ ಸ್ಪಷ್ಟವಾಗಿಯೇ ಇರುತ್ತದೆ, ಫಿಲ್ಮಿನ ಮೇಲೆ ಮಾತ್ರ ಚಿತ್ರ ಮಸುಕಾಗುತ್ತದೆ. ಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ ಲೆನ್ಸಿನ ಮೂಲಕವೇ ನೋಡುವುದರಿಂದ ಫೋಕಸ್ ತಪ್ಪಿದರೆ ಆಗಲೇ ಕಾಣುತ್ತದೆ. ರೇಂಜ್‌ಫೈಂಡರಿನ ತಪ್ಪು ಗೊತ್ತಾಗುವುದು ತೊಳೆಸಿದ ಮೇಲೆಯೇ.

ಮೊದಲು, ಇದು ನಿಮಗೆ ಹೊಂದುತ್ತದೆಯೇ?

ನಿಮಗೆ ಹೂವು, ಕೀಟ, ಹಕ್ಕಿಗಳ ಚಿತ್ರ ಬೇಕಿದ್ದರೆ ರೇಂಜ್‌ಫೈಂಡರ್ ಕೊಳ್ಳಲೇಬೇಡಿ. ಸೋವಿಯತ್ ಮಾದರಿಗಳು ಸಾಮಾನ್ಯವಾಗಿ 1 ಮೀಟರಿಗಿಂತ ಹತ್ತಿರ ಫೋಕಸ್ ಆಗುವುದಿಲ್ಲ, ಕ್ಯಾನನ್ ಕ್ಯಾನೊನೆಟ್‌ನಂಥ ಜಪಾನಿ ಕ್ಯಾಮೆರಾಗಳು 0.8 ಮೀಟರಿಗೆ ನಿಲ್ಲುತ್ತವೆ. ಹತ್ತಿರದ ವಸ್ತುವಾದರೆ ಕಿಟಕಿಯಲ್ಲಿ ಕಂಡ ಚೌಕಟ್ಟಿಗೂ ಫಿಲ್ಮಿನಲ್ಲಿ ಮೂಡುವ ಚೌಕಟ್ಟಿಗೂ ವ್ಯತ್ಯಾಸ ಬರುತ್ತದೆ. ಬೀದಿ, ಸಂತೆ, ಮನೆಮಂದಿ, ಪ್ರವಾಸ ಇಂಥದ್ದಕ್ಕೆ ಮಾತ್ರ ಇದು ಬಹಳ ಒಳ್ಳೆಯ ಯಂತ್ರ. ಒಳಗೆ ಏಳುವ ಕನ್ನಡಿ ಇಲ್ಲದ್ದರಿಂದ ಸದ್ದು ಕಡಿಮೆ, ಅಲುಗಾಟವೂ ಕಡಿಮೆ.

ಯಾವುದರಲ್ಲಿ ಏನು ಕೆಡುತ್ತದೆ

1954ರ ಲೈಕಾ ಎಂ3 ಲಕ್ಷಗಳ ಮಾತು, ಅದನ್ನು ಬದಿಗಿಡೋಣ. ಕೈಗೆಟಕುವ ಬೆಲೆಗೆ ಸಿಗುವುದರಲ್ಲಿ ಹೆಚ್ಚಿನವು ಸೋವಿಯತ್ ದೇಶದವು ಅಥವಾ ಜಪಾನಿನವು.

ಖಾರ್ಕಿವ್‌ನಲ್ಲಿ 1934ರಿಂದ ತಯಾರಾದ ಫೆಡ್, ಕ್ರಾಸ್ನೊಗೊರ್ಸ್ಕ್‌ನ ಜೋರ್ಕಿ ಎರಡೂ ಲೈಕಾ 2ರ ನಕಲಿನಿಂದಲೇ ಶುರುವಾದವು. ಇವುಗಳ ಗುಣಮಟ್ಟ ಒಂದೊಂದು ಪ್ರತಿಗೂ ಬೇರೆ, ಹಾಗಾಗಿ ಮಾದರಿಯ ಹೆಸರು ಕೇಳಿ ಕೊಳ್ಳದೆ ನಿಮ್ಮ ಕೈಯಲ್ಲಿರುವ ಆ ಒಂದನ್ನೇ ಪರೀಕ್ಷಿಸಬೇಕು. ಜೋರ್ಕಿ 4ರಲ್ಲಿ ಶಟರ್ ವೇಗದ ಗುಂಡಿಯನ್ನು ಫಿಲ್ಮ್ ವೈಂಡ್ ಮಾಡಿದ ಮೇಲಷ್ಟೇ ತಿರುಗಿಸಬೇಕು, ಮೊದಲೇ ತಿರುಗಿಸಿದರೆ ಒಳಗಿನ ಯಂತ್ರ ಕೆಡುವ ಅಪಾಯವಿದೆ. ಇದನ್ನು ಮಾರುವವರು ಹೇಳುವುದೇ ಇಲ್ಲ. ಅದೇ ಕ್ಯಾಮೆರಾದಲ್ಲಿ ರಿವೈಂಡ್ ಗುಂಡಿಯ ಬುಡದಲ್ಲಿ ಒಂದು ಸಣ್ಣ ಲಿವರ್ ಇದೆ. ಅದು ನಿಮ್ಮ ಕಣ್ಣಿಗೆ ತಕ್ಕಂತೆ ವ್ಯೂಫೈಂಡರ್ ಹೊಂದಿಸುವುದಕ್ಕೆ. ಕಿಟಕಿಯೇ ಮಸುಕಾಗಿ ಕಂಡರೆ ಕ್ಯಾಮೆರಾ ಹಾಳಾಗಿದೆ ಎನ್ನುವ ಮೊದಲು ಅದನ್ನು ತಿರುಗಿಸಿ ನೋಡಿ.

‘1936ರ ಬರ್ಲಿನ್ ಒಲಿಂಪಿಕ್ಸ್’ ಎಂದೋ ಜರ್ಮನ್ ವಾಯುಪಡೆಯ ಹೆಸರನ್ನೋ ಕೆತ್ತಿದ, ಚಿನ್ನದ ಬಣ್ಣದ ‘ಲೈಕಾ’ ಕಡಿಮೆ ಬೆಲೆಗೆ ಸಿಕ್ಕರೆ ಅದು ಬಹುತೇಕ ಬಣ್ಣ ಬದಲಿಸಿದ ಫೆಡ್ ಅಥವಾ ಜೋರ್ಕಿ. ಲೆನ್ಸ್ ಬಿಚ್ಚಿ ಒಳಗೆ ನೋಡಿ. ಲೆನ್ಸಿಗೆ ತಾಗುವ ರೇಂಜ್‌ಫೈಂಡರ್ ತೋಳಿನ ತುದಿಯಲ್ಲಿ ಅಸಲಿ ಲೈಕಾಗೆ ಉರುಳುವ ಸಣ್ಣ ಚಕ್ರವಿರುತ್ತದೆ, ಸೋವಿಯತ್ ಕ್ಯಾಮೆರಾಗೆ ಬೆಣೆಯಾಕಾರದ ಲೋಹದ ತುಂಡು.

ಯಾಶಿಕಾ ಎಲೆಕ್ಟ್ರೊ 35 (1966) ಬ್ಯಾಟರಿಯನ್ನೇ ನಂಬಿದೆ. ಬ್ಯಾಟರಿ ಇಲ್ಲದಿದ್ದರೆ ಅದರ ಶಟರ್ 1/500 ಸೆಕೆಂಡಿನಲ್ಲಿ ಮಾತ್ರ ಓಡುತ್ತದೆ. ಒಳಗಿನ ಒಂದು ಸಣ್ಣ ರಬ್ಬರ್ ಪ್ಯಾಡ್ ವಯಸ್ಸಾಗಿ ಪುಡಿಯಾಗುವುದು ಇದರ ಹೆಸರಾಂತ ಕಾಯಿಲೆ. ವೈಂಡ್ ಮಾಡುವಾಗ ಲಿವರ್ ಕೊನೆಗೆ ಬರುವಷ್ಟರಲ್ಲಿ ‘ಟಕ್’ ಎಂಬ ಸದ್ದು ಕೇಳಿಸಿದರೆ ಪ್ಯಾಡ್ ಸರಿಯಿದೆ, ಕೇಳಿಸದಿದ್ದರೆ ಎಕ್ಸ್‌ಪೋಶರ್ ತಪ್ಪುತ್ತದೆ. ಕ್ಯಾನೊನೆಟ್ ಕ್ಯೂಎಲ್17 ಜಿ3 (1972) ಮ್ಯಾನುಯಲ್‌ನಲ್ಲಿ ಬ್ಯಾಟರಿಯಿಲ್ಲದೆಯೂ ಪೂರ್ತಿ ಕೆಲಸ ಮಾಡುತ್ತದೆ. ಮೊದಲ ಬಾರಿ ಕೊಳ್ಳುವವರಿಗೆ ನನ್ನ ಆಯ್ಕೆ ಇದೇ.

ಕ್ಯಾಮೆರಾ ಕೈಗೆ ಬಂದ ಮೇಲೆ

ಪರೀಕ್ಷೆಯನ್ನು ರೇಂಜ್‌ಫೈಂಡರಿನಿಂದ ಶುರುಮಾಡಿ. ಲೆನ್ಸನ್ನು ಅನಂತದ ಗುರುತಿಗೆ ತಿರುಗಿಸಿ ಕಿಲೋಮೀಟರುಗಳಾಚೆಯ ಬೆಟ್ಟದ ಅಂಚನ್ನೋ ಮೊಬೈಲ್ ಟವರನ್ನೋ ನೋಡಿ. ರಾತ್ರಿಯಾದರೆ ಚಂದ್ರನಿದ್ದಾನೆ. ಎರಡು ಬಿಂಬ ಒಂದಾಗಲೇಬೇಕು. ಅಡ್ಡಡ್ಡ ಸರಿದಿದ್ದರೆ ಹಲವು ಕ್ಯಾಮೆರಾಗಳಲ್ಲಿ ರಿಪೇರಿಯವರು ಒಂದು ಸ್ಕ್ರೂ ತಿರುಗಿಸಿ ಸರಿಮಾಡುತ್ತಾರೆ. ಒಂದರ ಮೇಲೊಂದು, ಲಂಬವಾಗಿ ಸರಿದಿದ್ದರೆ ಕೆಲಸ ಸ್ವಲ್ಪ ಹೆಚ್ಚು. ಆಮೇಲೆ ಟೇಪು ಹಿಡಿದು ಫಿಲ್ಮ್ ಇರುವ ಜಾಗದಿಂದ ಸರಿಯಾಗಿ 1 ಮೀಟರ್ ದೂರದ ಪುಸ್ತಕಕ್ಕೆ ಫೋಕಸ್ ಮಾಡಿ, ಲೆನ್ಸಿನ ಮೇಲಿನ ಅಂಕಿ ಅದನ್ನೇ ಹೇಳುತ್ತದೆಯೇ ನೋಡಿ. ಅನಂತದಲ್ಲಿ ಸರಿಯಿದ್ದು ಹತ್ತಿರದಲ್ಲಿ ತಪ್ಪುವ ಕ್ಯಾಮೆರಾಗಳು ಬಹಳ.

ಕಿಟಕಿಯ ನಡುವಿನ ಬಿಂಬ ಮಂಕಾಗಿದ್ದರೆ ಒಳಗಿನ ಅರೆಗನ್ನಡಿಯ ಲೇಪ ಸವೆದಿದೆ ಎಂದು ತಿಳಿಯಿರಿ. ದೊಡ್ಡ ಕಿಟಕಿಯ ನಡುವೆ ಚೂರೇ ಚೂರು ಕಪ್ಪು ಟೇಪು ಅಂಟಿಸಿದರೆ ಬಿಂಬ ಎದ್ದು ಕಾಣುತ್ತದೆ. ತಾತ್ಕಾಲಿಕವಾದರೂ ಉಪಯೋಗದ ಉಪಾಯ.

ಇನ್ನು ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಪರೀಕ್ಷೆ. ಕ್ಯಾಮೆರಾದ ಹಿಂಬದಿ ತೆರೆದು, ಫಿಲ್ಮ್ ಕೂರುವ ಒಳಹಳಿಗಳ ಮೇಲೆ ಟ್ರೇಸಿಂಗ್ ಪೇಪರನ್ನು ಸುಕ್ಕಿಲ್ಲದೆ ಬಿಗಿಯಾಗಿ ಅಂಟಿಸಿ. ಶಟರನ್ನು ‘ಬಿ’ಗೆ ಇಟ್ಟು, ಕೇಬಲ್ ರಿಲೀಸಿನಿಂದ ತೆರೆದೇ ಇರುವಂತೆ ಮಾಡಿ. ಅಪರ್ಚರ್ ಪೂರ್ತಿ ತೆರೆಯಿರಿ. ದೀಪವೊಂದಕ್ಕೆ ರೇಂಜ್‌ಫೈಂಡರಿನಿಂದ ಫೋಕಸ್ ಮಾಡಿ ಭೂತಗನ್ನಡಿಯಿಂದ ಕಾಗದದ ಮೇಲಿನ ಬಿಂಬ ನೋಡಿ. ಲೆನ್ಸಿನ ಮಾತೂ ಕಿಟಕಿಯ ಮಾತೂ ಒಂದೇ ಆಗಿದ್ದರೆ ಇಲ್ಲಿ ದೀಪದ ತಂತಿಯೋ ಅಕ್ಷರವೋ ಸ್ಫುಟವಾಗಿ ಮೂಡುತ್ತದೆ. ಲೈಕಾದ ಹಳೆಯ ಮಾದರಿಗಳಲ್ಲಿ, ಜೋರ್ಕಿ 1ರಲ್ಲಿ ಹಿಂಬದಿ ತೆರೆಯುವುದಿಲ್ಲ, ಅವಕ್ಕೆ ಈ ಪರೀಕ್ಷೆ ಸಾಧ್ಯವಿಲ್ಲ.

ಬಟ್ಟೆಯ ಪರದೆಯ ಶಟರ್ ಇದ್ದರೆ ಲೆನ್ಸ್ ಬಿಚ್ಚಿ, ಕತ್ತಲ ಕೋಣೆಯಲ್ಲಿ ಒಂದು ಕಡೆಯಿಂದ ಟಾರ್ಚ್ ಹಿಡಿದು ಇನ್ನೊಂದು ಕಡೆಯಿಂದ ನೋಡಿ. ಸೂಜಿಮೊನೆಯಷ್ಟು ಬೆಳಕು ಕಂಡರೂ ಅದು ತೂತು. ಲೆನ್ಸನ್ನು ಸೂರ್ಯನತ್ತ ಮಾಡಿಟ್ಟರೆ ಪರದೆಯೇ ಸುಟ್ಟು ತೂತಾಗುತ್ತದೆ, ಮುಚ್ಚಳ ಹಾಕಿಡುವುದು ಅದಕ್ಕೇ. ಕ್ಯಾನೊನೆಟ್, ಯಾಶಿಕಾಗಳ ಲೆನ್ಸಿನೊಳಗಿನ ಶಟರಿನಲ್ಲಿ ಎಲೆಯಂಥ ತೆಳು ತಗಡುಗಳಿಗೆ ಎಣ್ಣೆ ಹತ್ತಿ ಅಂಟಿಕೊಳ್ಳುವುದು ಸಾಮಾನ್ಯ. ಶಟರ್ ಯಾವುದೇ ಆಗಿರಲಿ, ಅದರಲ್ಲಿರುವ ನಿಧಾನ ವೇಗಗಳನ್ನು ಕಿವಿಗೊಟ್ಟು ಕೇಳಿ. ಮೊಬೈಲಿನ ಸ್ಲೋ ಮೋಷನ್ ವಿಡಿಯೊ ಇನ್ನಷ್ಟು ನಿಖರ.

ಟಾರ್ಚ್ ಕೈಯಲ್ಲಿರುವಾಗಲೇ ಲೆನ್ಸಿನೊಳಗೂ ಹಾಯಿಸಿ. ಬೇರಿನ ಹಾಗೆ ಹರಡಿದ ಎಳೆ ಕಂಡರೆ ಬೂಷ್ಟು, ಅಂಗಡಿಯವರ ಬಾಯಲ್ಲಿ ಫಂಗಸ್. ಮಂಜಿನಂಥ ಪೊರೆಯಿದ್ದರೆ ಎದುರು ಬೆಳಕಿನ ಚಿತ್ರವೆಲ್ಲ ಪೇಲವ. ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ಕ್ಯಾಮೆರಾವನ್ನು ಅದರ ಚರ್ಮದ ಚೀಲದಲ್ಲಿ ಇಡಲೇಬಾರದು. ಗಾಳಿಯಾಡದ ಡಬ್ಬಿ, ಜೊತೆಗೆ ಸಿಲಿಕಾ ಜೆಲ್ ಇರಲಿ.

ಹಿಂಬದಿಯ ಬಾಗಿಲಿನ ಅಂಚಿನ ಸ್ಪಂಜು ಬೆರಳಿಗೆ ಡಾಂಬರಿನಂತೆ ಅಂಟಿದರೆ ಬೆಳಕು ಸೋರುತ್ತದೆ. ಐಸೊಪ್ರೊಪಿಲ್ ಆಲ್ಕೋಹಾಲಿನಿಂದ ಒರೆಸಿ ಹೊಸ ಫೋಮ್ ಪಟ್ಟಿ ಅಂಟಿಸುವುದು ಮನೆಯಲ್ಲೇ ಆಗುವ ಕೆಲಸ. ಮೀಟರಿನ ವಿಷಯ ಬೇರೆ. ಕ್ಯಾನೊನೆಟ್ 1.35 ವೋಲ್ಟಿನ ಪಾದರಸದ ಸೆಲ್ಲಿಗೆಂದು ಆದದ್ದು, ಅವು ಈಗ ತಯಾರಾಗುವುದಿಲ್ಲ. 1.5 ವೋಲ್ಟಿನ ಸಾಮಾನ್ಯ ಸೆಲ್ ಹಾಕಿದರೆ ಮೀಟರ್ ಬೆಳಕು ಹೆಚ್ಚಿದೆಯೆಂದು ತೋರಿಸಿ ಚಿತ್ರ ಕಪ್ಪಾಗುತ್ತದೆ. ಕಿವಿಯ ಶ್ರವಣಯಂತ್ರಕ್ಕೆ ಹಾಕುವ 675 ನಂಬರಿನ ಜಿಂಕ್-ಏರ್ ಸೆಲ್ ಇದಕ್ಕೆ ಹತ್ತಿರ. ಅಗಲ ಸಾಲದ್ದರಿಂದ ಸುತ್ತ ಒಂದು ರಬ್ಬರ್ ರಿಂಗ್ ಕೂರಿಸಿ. ಫೆಡ್ 4, ಕೀವ್ 4ರಂಥ ಸೋವಿಯತ್ ಕ್ಯಾಮೆರಾಗಳ ಸೆಲೆನಿಯಂ ಮೀಟರಿಗೆ ಸೆಲ್ಲೇ ಬೇಡ, ಆದರೆ ಅದು ಸತ್ತಿದ್ದರೆ ಮೊಬೈಲಿನ ಮೀಟರ್ ಆ್ಯಪ್ ಬಳಸುವುದೇ ಲೇಸು.

ಪರೀಕ್ಷೆಯ ರೋಲ್

ಇಷ್ಟಾದ ಮೇಲೆ ಒಂದು ರೋಲನ್ನು ಪರೀಕ್ಷೆಗೆಂದೇ ಮೀಸಲಿಡಿ. ಮದುವೆಗೋ ಪ್ರವಾಸಕ್ಕೋ ಹೊಸದಾಗಿ ಕೊಂಡ ಕ್ಯಾಮೆರಾ ಒಂದನ್ನೇ ನಂಬಿ ಹೋಗಬೇಡಿ. ಫಿಲ್ಮ್ ಹಾಕಿ ವೈಂಡ್ ಮಾಡುವಾಗ ರಿವೈಂಡ್ ಗುಂಡಿಯೂ ತಾನಾಗಿ ತಿರುಗಬೇಕು. ತಿರುಗದಿದ್ದರೆ ಫಿಲ್ಮ್ ಸಿಕ್ಕಿಕೊಂಡಿಲ್ಲ, ಕೊನೆಗೆ 36 ಚಿತ್ರವೂ ಖಾಲಿ. ಪ್ರತಿ ಚಿತ್ರಕ್ಕೂ ವೇಗ, ಅಪರ್ಚರ್, ದೂರ ಬರೆದಿಡಿ. ಕೆಲವನ್ನು 1 ಮೀಟರ್, 3 ಮೀಟರ್ ಮತ್ತು ಅನಂತಕ್ಕೆ ಪೂರ್ತಿ ತೆರೆದ ಅಪರ್ಚರಿನಲ್ಲಿ ತೆಗೆಯಿರಿ. ಲೆನ್ಸಿನ ಮುಚ್ಚಳ ತೆಗೆದಿದ್ದೀರಾ ಎಂದು ಪ್ರತಿ ಸಲವೂ ನೋಡಿ, ಮುಚ್ಚಳ ಹಾಕಿದ್ದರೂ ಕಿಟಕಿಯಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ.

ತೊಳೆಸಿದ ನೆಗೆಟಿವನ್ನು ಸ್ಕ್ಯಾನಿನೊಂದಿಗೆ ಕೇಳಿ ಪಡೆಯಿರಿ, ರೋಗದ ಗುರುತು ಸ್ಪಷ್ಟವಾಗಿರುವುದು ಅದರಲ್ಲೇ. ಕಪ್ಪು ಪಟ್ಟೆ ಅಂಚಿನ ತೂತುಗಳವರೆಗೂ ಹಬ್ಬಿದ್ದರೆ ಬಾಗಿಲಿನಿಂದ ಬೆಳಕು ಸೋರಿದೆ. ಪ್ರತಿ ಚಿತ್ರದ ಒಂದೇ ಜಾಗದಲ್ಲಿ ಚುಕ್ಕೆ ಬಂದಿದ್ದರೆ ಪರದೆ ತೂತಾಗಿದೆ. ವೇಗ ಹೆಚ್ಚಿಸಿದ ಚಿತ್ರಗಳಲ್ಲಿ ಮಾತ್ರ ಒಂದು ಬದಿ ಬೆಳಕು ಕಾಣದೆ ಉಳಿದಿದ್ದರೆ ಪರದೆಗಳ ಓಟ ತಪ್ಪಿದೆ. ಹೀಗೆ ಹೇಳಿಕೊಂಡು ಹೋದರೆ ರಿಪೇರಿಯವರಿಗೂ ಕೆಲಸ ಸುಲಭ. ನೀವೇ ಸ್ಕ್ರೂ ಬಿಚ್ಚಿ ಒಳಗೆ ಎಣ್ಣೆ ಬಿಡುವ ಸಾಹಸ ಬೇಡ.

ಮಾರುವವರು ‘ಅನ್‌ಟೆಸ್ಟೆಡ್’ ಎಂದಿದ್ದರೆ ಕೆಟ್ಟಿದೆ ಎಂದೇ ಓದಿಕೊಳ್ಳಿ. ವಿದೇಶದಿಂದ ತರಿಸಿದರೆ ಕಸ್ಟಮ್ಸ್ ಸುಂಕ ಸೇರುತ್ತದೆ, ವಾಪಸ್ ಕಳಿಸುವುದು ದುಬಾರಿ. ಸರ್ವೀಸ್ ಖರ್ಚನ್ನೂ ಬೆಲೆಯಲ್ಲೇ ಸೇರಿಸಿ ಲೆಕ್ಕ ಹಾಕಿ, ಮೊದಲು ರಿಪೇರಿಯವರನ್ನು ಹುಡುಕಿ, ಆಮೇಲೆ ಕ್ಯಾಮೆರಾ.

ಹೊಸದಾಗಿ ಕೊಳ್ಳುವ ಮುನ್ನ ಮನೆಯ ಅಟ್ಟ, ಬೀರುಗಳನ್ನೂ ಒಮ್ಮೆ ನೋಡಿ. ತಾತನ ಕಾಲದ ಕ್ಯಾಮೆರಾ ಸಿಕ್ಕರೆ ತಕ್ಷಣ ಬಾಗಿಲು ತೆಗೆಯಬೇಡಿ. ರಿವೈಂಡ್ ಗುಂಡಿಯನ್ನು ಬಾಣದ ಗುರುತಿನ ಕಡೆಗೆ ಮೆಲ್ಲಗೆ ತಿರುಗಿಸಿ. ಅದು ಬಿಗಿಯಾಗಿ ತಡೆದರೆ ಒಳಗೆ ಹಳೆಯ ರೋಲ್ ಇರಬಹುದು. ಅದನ್ನು ಕತ್ತಲಲ್ಲಿ ಹೊರತೆಗೆಸಿ, ಎಷ್ಟು ಹಳೆಯದೆಂದು ಹೇಳಿ, ಲ್ಯಾಬಿಗೆ ಕೊಡಿ.